ಆಡಿಟ್ ಆಕ್ಷೇಪಣೆ: ಪ್ರಶ್ನೆ ಎದ್ದ ಮೇಲೆ ಏನಾಯಿತು?

ಸರ್ಕಾರದ ಅನುದಾನ ಪಡೆದ ಸಂಸ್ಥೆಯೊಂದರ ಲೆಕ್ಕಪರಿಶೋಧನಾ ವರದಿ ಹೊರಬಿದ್ದರೆ ಮರುದಿನದ ತಲೆಬರಹದಲ್ಲಿ ಒಂದು ದೊಡ್ಡ ಮೊತ್ತ ಕಾಣುತ್ತದೆ: ಇಷ್ಟು ಕೋಟಿ ರೂಪಾಯಿಗೆ ಆಕ್ಷೇಪಣೆ. ಓದಿದವರು ಅಷ್ಟೂ ಹಣ ಯಾರದೋ ಜೇಬು ಸೇರಿತೆಂದು ತೀರ್ಮಾನಿಸುತ್ತಾರೆ. ಸಂಸ್ಥೆಯವರು ‘ಇದೆಲ್ಲ ತಾಂತ್ರಿಕ ಆಕ್ಷೇಪಣೆ, ಉತ್ತರ ಕೊಡುತ್ತೇವೆ’ ಎಂದು ಹೇಳಿ ಸುಮ್ಮನಾಗುತ್ತಾರೆ. ವಾರ ಕಳೆದರೆ ಸುದ್ದಿಯೂ ಇಲ್ಲ, ಉತ್ತರವೂ ಇಲ್ಲ. ಆ ಮೊತ್ತದಲ್ಲಿ ಎಷ್ಟಕ್ಕೆ ಆಮೇಲೆ ದಾಖಲೆ ಸಿಕ್ಕಿತು, ಎಷ್ಟನ್ನು ಒಪ್ಪಿ ಕೈಬಿಟ್ಟರು, ಎಷ್ಟು ಖಜಾನೆಗೆ ಮರಳಿತು ಎಂದು ಕೇಳುವವರು ಬಹಳ ಕಡಿಮೆ.

ಸಾರ್ವಜನಿಕ ಹಣದ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂಬುದು ನನ್ನ ದೃಢ ನಂಬಿಕೆ. ಆಕ್ಷೇಪಣೆ ಎಂದರೆ ಅಪರಾಧದ ತೀರ್ಪಲ್ಲ. ಹಾಗೆಂದು ಅದು ಬದಿಗೆ ಸರಿಸಿಬಿಡಬಹುದಾದ ಕಾಗದವೂ ಅಲ್ಲ. ಒಂದು ಖರ್ಚಿನ ಬಗ್ಗೆ ಅಧಿಕೃತವಾಗಿ ಎತ್ತಿದ ಪ್ರಶ್ನೆ ಅದು. ಪ್ರಶ್ನೆಗೂ ತೀರ್ಮಾನಕ್ಕೂ ನಡುವೆ ವರ್ಷಗಟ್ಟಲೆ ಅಂತರ ಬಿದ್ದಾಗ ತಪ್ಪಿತಸ್ಥ ತಪ್ಪಿಸಿಕೊಳ್ಳುತ್ತಾನೆ, ತಪ್ಪು ಮಾಡದವನ ಹೆಸರು ಕೆಟ್ಟೇ ಉಳಿಯುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದಲ್ಲಿ ನಡೆದ ಒಂದು ಪ್ರಕರಣವನ್ನು ಬಿಡಿಸಿ ನೋಡಬೇಕು. ಅಲ್ಲಿ ಆರೋಪ, ಗದ್ದಲ, ತೀರ್ಮಾನ ಮೂರೂ ದಾಖಲೆಯಲ್ಲಿವೆ.

ಸ್ಟ್ಯಾನ್‌ಫರ್ಡಿನ ಹೂವು ಮತ್ತು ಹಡಗು

ಸರ್ಕಾರ ಒಂದು ವಿಶ್ವವಿದ್ಯಾಲಯಕ್ಕೆ ಸಂಶೋಧನೆಗಾಗಿ ಹಣ ಕೊಡುವಾಗ ವಿಜ್ಞಾನಿಯ ಸಂಬಳ, ಉಪಕರಣ, ರಾಸಾಯನಿಕಗಳ ಬೆಲೆಯನ್ನಷ್ಟೇ ಕೊಟ್ಟರೆ ಸಾಲದು. ಪ್ರಯೋಗಾಲಯದ ಕಟ್ಟಡ ಸವೆಯುತ್ತದೆ, ವಿದ್ಯುತ್ ಉರಿಯುತ್ತದೆ, ಗ್ರಂಥಾಲಯ ನಡೆಯಬೇಕು, ಲೆಕ್ಕ ಬರೆಯುವ ಗುಮಾಸ್ತರಿಗೂ ಸಂಬಳ ಬೇಕು. ಇವು ಪರೋಕ್ಷ ವೆಚ್ಚಗಳು. ಯಾವ ಯೋಜನೆಗೆ ಎಷ್ಟು ವಿದ್ಯುತ್ ಹೋಯಿತೆಂದು ಬಿಡಿಬಿಡಿಯಾಗಿ ಅಳೆಯಲು ಆಗದ ಕಾರಣ, ಇಂಥ ಖರ್ಚುಗಳನ್ನೆಲ್ಲ ಒಟ್ಟು ಸೇರಿಸಿ ಅದರಲ್ಲಿ ಸಂಶೋಧನೆಯ ಪಾಲನ್ನು ಶೇಕಡಾ ದರವಾಗಿ ನಿಗದಿ ಮಾಡುತ್ತಾರೆ. 1990ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ದರ ಶೇ 74 ಇತ್ತು. ಸಂಶೋಧನೆಯ ನೇರ ಖರ್ಚಿಗೆ 100 ಡಾಲರ್ ಬಂದರೆ ಅದರ ಮೇಲೆ ಸುಮಾರು 74 ಡಾಲರ್ ಪರೋಕ್ಷ ವೆಚ್ಚಕ್ಕೆ ಬರುತ್ತಿತ್ತು.

ಸ್ಟ್ಯಾನ್‌ಫರ್ಡಿನ ಈ ಲೆಕ್ಕಗಳ ಮೇಲ್ವಿಚಾರಣೆ ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿಯದಾಗಿತ್ತು. 1988ರಲ್ಲಿ ಅಲ್ಲಿಗೆ ಪ್ರತಿನಿಧಿಯಾಗಿ ಬಂದ ಪಾಲ್ ಬಿಡಲ್ ಹಳೆಯ ಕಡತಗಳನ್ನು ತೆಗೆದು ನೋಡಿದರು. ಯಾವ ಖರ್ಚನ್ನು ಹೇಗೆ ಹಂಚಬೇಕು ಎಂಬ ಬಗ್ಗೆ ವಿಶ್ವವಿದ್ಯಾಲಯಕ್ಕೂ ನೌಕಾಪಡೆಯ ಅಧಿಕಾರಿಗಳಿಗೂ ನಡುವೆ ಆಗಿದ್ದ ನೂರಕ್ಕೂ ಹೆಚ್ಚು ಒಪ್ಪಂದ ಪತ್ರಗಳು ಸಿಕ್ಕವು. ಅವುಗಳಲ್ಲಿ ಅನೇಕವು ಸರಿಯಾದ ಪರಿಶೀಲನೆಯಿಲ್ಲದೆ ಆದವು ಎಂಬುದು ಅವರ ವಾದ. 1980ರ ದಶಕದಲ್ಲಿ ವಿಶ್ವವಿದ್ಯಾಲಯ ಸರ್ಕಾರದಿಂದ 20 ಕೋಟಿ ಡಾಲರಿನಷ್ಟು ಹೆಚ್ಚು ಹಣ ಪಡೆದಿರಬಹುದು ಎಂಬ ಅಂದಾಜು ಹೊರಬಂತು.

1991ರ ಮಾರ್ಚ್ 13ರಂದು ವಾಷಿಂಗ್ಟನ್ನಿನಲ್ಲಿ ಸಂಸದ ಜಾನ್ ಡಿಂಗೆಲ್ ಅಧ್ಯಕ್ಷತೆಯ ಉಪಸಮಿತಿ ಈ ವಿಷಯವನ್ನು ಬಹಿರಂಗ ವಿಚಾರಣೆಗೆ ಎತ್ತಿಕೊಂಡಿತು. ಒಪ್ಪಂದ ಪತ್ರಗಳ ಜಟಿಲತೆ ಜನರ ಮನಸ್ಸಿನಲ್ಲಿ ಉಳಿಯಲಿಲ್ಲ. ಉಳಿದದ್ದು ಬೇರೆ ಪಟ್ಟಿ: ವಿಶ್ವವಿದ್ಯಾಲಯದ ಅಧ್ಯಕ್ಷರ ಅಧಿಕೃತ ನಿವಾಸಕ್ಕೆ ತಿಂಗಳಿಗೆ 2,000 ಡಾಲರಿನ ಹೂವಿನ ಅಲಂಕಾರ, 3,000 ಡಾಲರಿನ ಸೀಡರ್ ಮರದ ಬಟ್ಟೆ ಕಪಾಟು, 1,200 ಡಾಲರಿನ ಹಳೆಯ ಇಟಾಲಿಯನ್ ಪೀಠೋಪಕರಣ, ಮತ್ತು ‘ವಿಕ್ಟೋರಿಯಾ’ ಎಂಬ 72 ಅಡಿಯ ವಿಹಾರ ಹಡಗಿನ ಸವಕಳಿ. ದೇಣಿಗೆಯಾಗಿ ಬಂದು ಕ್ರೀಡಾ ವಿಭಾಗದ ನೌಕಾಯಾನ ತರಬೇತಿಗೆ ಸೇರಿದ್ದ ಆ ಹಡಗು ಸಂಶೋಧನೆಯ ಪರೋಕ್ಷ ವೆಚ್ಚದ ಲೆಕ್ಕದಲ್ಲಿ ಬಂದು ಕೂತಿತ್ತು.

ಆ ಪಟ್ಟಿಯಲ್ಲಿದ್ದ ಖರ್ಚುಗಳು ಒಂದೇ ಜಾತಿಯವಲ್ಲ. ಹಡಗು ಆ ಲೆಕ್ಕದಲ್ಲಿ ಇರಲೇಬಾರದಾಗಿತ್ತು; ಅದು ಲೆಕ್ಕ ಬರೆಯುವಲ್ಲಿ ಆದ ತಪ್ಪೆಂದು ವಿಶ್ವವಿದ್ಯಾಲಯವೂ ಒಪ್ಪಿಕೊಂಡಿತು. ನಿವಾಸದ ಹೂವು, ಪೀಠೋಪಕರಣಗಳ ಕಥೆ ಬೇರೆ. ಅಧ್ಯಕ್ಷರ ನಿವಾಸದ ನಿರ್ವಹಣೆ ಆಡಳಿತ ವೆಚ್ಚದ ಒಂದು ಭಾಗ, ಅದರ ಒಂದು ಪಾಲನ್ನು ಸರ್ಕಾರಕ್ಕೆ ಹಾಕಲು ಅಂದಿನ ನಿಯಮಗಳಲ್ಲಿ ಅವಕಾಶವಿದೆ ಎಂದು ಸಂಸ್ಥೆ ವಾದಿಸಿತು. ಸರ್ಕಾರದ ಮೇಲೆ ಬಿದ್ದದ್ದು ಆ ವೆಚ್ಚದ ಒಂದು ಪಾಲು ಮಾತ್ರ. ಇನ್ನು ಕೋಟಿಗಳ ಲೆಕ್ಕದ ವಿವಾದ ಇದ್ದದ್ದು ಸರ್ಕಾರದ ಅಧಿಕಾರಿಗಳೇ ಸಹಿ ಹಾಕಿದ್ದ ಒಪ್ಪಂದಗಳ ಸಿಂಧುತ್ವದ ಬಗ್ಗೆ. ಇರಬಾರದ ಖರ್ಚು, ನಿಯಮ ಬಿಟ್ಟರೂ ಮನಸ್ಸು ಒಪ್ಪದ ಖರ್ಚು, ಹಂಚಿಕೆಯ ಬಗ್ಗೆ ಭಿನ್ನಾಭಿಪ್ರಾಯವಿರುವ ಖರ್ಚು, ಈ ಮೂರೂ ಒಂದೇ ತಲೆಬರಹದಡಿ ಬಂದವು.

ಪರಿಣಾಮ ತಡವಾಗಲಿಲ್ಲ. ಪರೋಕ್ಷ ವೆಚ್ಚದ ದರವನ್ನು ಸರ್ಕಾರ ಶೇ 55.5ಕ್ಕೆ ಇಳಿಸಿತು. ಜೀವವಿಜ್ಞಾನಿಯೂ ಆಗಿದ್ದ ಅಧ್ಯಕ್ಷ ಡೊನಾಲ್ಡ್ ಕೆನಡಿ 1991ರ ಜುಲೈಯಲ್ಲಿ, ಮುಂದಿನ ವರ್ಷ ಹುದ್ದೆಯಿಂದ ಇಳಿಯುವುದಾಗಿ ಪ್ರಕಟಿಸಿದರು. ಬೇರೆ ಹಲವು ವಿಶ್ವವಿದ್ಯಾಲಯಗಳು ತಮ್ಮ ಲೆಕ್ಕವನ್ನು ತಾವೇ ಮತ್ತೆ ನೋಡಿಕೊಂಡು ಕೆಲವು ಖರ್ಚುಗಳನ್ನು ಹಿಂದಕ್ಕೆ ಪಡೆದವು. ಅದೇ ವರ್ಷದ ಅಕ್ಟೋಬರಿನಲ್ಲಿ ನಿಯಮವೇ ಬದಲಾಯಿತು: ಆಡಳಿತ ವೆಚ್ಚದ ಪಾಲಿಗೆ ಶೇ 26ರ ಮಿತಿ ಬಂತು, ಮದ್ಯ, ಮನರಂಜನೆ, ಅಧಿಕಾರಿಗಳ ಮನೆ ಖರ್ಚುಗಳನ್ನು ಸರ್ಕಾರದ ಲೆಕ್ಕಕ್ಕೆ ಹಾಕಬಾರದೆಂದು ಸ್ಪಷ್ಟವಾಗಿ ಬರೆಯಲಾಯಿತು.

ಕೊನೆಯ ತೀರ್ಮಾನ ಬಂದದ್ದು 1994ರ ಅಕ್ಟೋಬರಿನಲ್ಲಿ. ಸ್ಟ್ಯಾನ್‌ಫರ್ಡ್ 12 ಲಕ್ಷ ಡಾಲರ್ ಕೊಟ್ಟಿತು. ಸಂಸ್ಥೆ ವಂಚನೆ ಮಾಡಿದೆ ಎಂಬ ದೂರು ತನಗಿಲ್ಲವೆಂದು ನೌಕಾಪಡೆ ಒಪ್ಪಿಕೊಂಡಿತು. ಆರೋಪದ ಅಂದಾಜು 20 ಕೋಟಿ, ಕೈಗೆ ಬಂದದ್ದು ಅದರ ಶೇ 1ಕ್ಕಿಂತಲೂ ಕಡಿಮೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ‘ನೋಡಿ, ಬೆಟ್ಟ ಅಗೆದು ಇಲಿ ಹಿಡಿದರು’ ಎನ್ನುವುದು ಸುಲಭ. ಅದು ಸರಿಯಲ್ಲ. ಆ ಪ್ರಶ್ನೆ ಏಳದಿದ್ದರೆ ದರ ಇಳಿಯುತ್ತಿರಲಿಲ್ಲ, ನಿಯಮ ಬಿಗಿಯಾಗುತ್ತಿರಲಿಲ್ಲ. ಆದರೆ 20 ಕೋಟಿಯೂ ಕಳವಾಗಿತ್ತೆಂದು ಇಂದಿಗೂ ಹೇಳುವುದು ಅಷ್ಟೇ ತಪ್ಪು. ಪ್ರಕರಣಕ್ಕೆ ಒಂದು ಕೊನೆ ಇದ್ದುದರಿಂದ ಎರಡೂ ಮಾತುಗಳನ್ನು ಇಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿದೆ.

ಆಕ್ಷೇಪಣೆಯಲ್ಲಿ ಮೂರು ಬಗೆ

ಅಮೆರಿಕದಲ್ಲಿ ಇನ್‌ಸ್ಪೆಕ್ಟರ್ ಜನರಲ್ ಕಾಯ್ದೆ ಬಂದದ್ದು 1978ರಲ್ಲಿ. ದೊಡ್ಡ ಇಲಾಖೆಗಳೊಳಗೆ ಸ್ವತಂತ್ರವಾಗಿ ಲೆಕ್ಕ ನೋಡುವ ಅಧಿಕಾರಿಯನ್ನು ನೇಮಿಸುವ ಕಾಯ್ದೆ ಅದು. 1988ರ ತಿದ್ದುಪಡಿ ಅದಕ್ಕೆ ಬಹಳ ಉಪಯುಕ್ತವಾದ ವಿಂಗಡಣೆಯೊಂದನ್ನು ಸೇರಿಸಿತು. ಆಕ್ಷೇಪಣೆಗೊಳಗಾದ ಖರ್ಚು ಮೂರರಲ್ಲಿ ಒಂದಾಗಿರುತ್ತದೆ ಎಂದು ಅದು ಹೇಳುತ್ತದೆ.

ಮೊದಲನೆಯದು, ಕಾನೂನು, ನಿಯಮ ಅಥವಾ ಒಪ್ಪಂದದ ಷರತ್ತನ್ನು ಮೀರಿದ ಖರ್ಚು. ಶಾಲಾ ಕಟ್ಟಡಕ್ಕೆ ಬಂದ ಹಣದಲ್ಲಿ ಕಚೇರಿಗೆ ಜೀಪು ಕೊಂಡರೆ, ಜೀಪಿನ ರಸೀದಿ ಎಷ್ಟೇ ಅಚ್ಚುಕಟ್ಟಾಗಿರಲಿ, ಆ ಖರ್ಚು ಈ ಗುಂಪಿನದು. ಟೆಂಡರ್ ಕರೆಯುವುದನ್ನು ತಪ್ಪಿಸಲು ಒಂದೇ ಕಾಮಗಾರಿಯನ್ನು ತುಂಡು ಮಾಡಿ ಹಂಚಿಕೊಟ್ಟರೂ ಅಷ್ಟೇ.

ಎರಡನೆಯದು, ದಾಖಲೆಯಿಲ್ಲದ ಖರ್ಚು. ಕೆಲಸ ಆಗಿರಬಹುದು, ಹಣ ನಿಜವಾಗಿಯೂ ಕೂಲಿಯವರ ಕೈ ಸೇರಿರಬಹುದು. ಆದರೆ ವೋಚರ್ ಇಲ್ಲ, ಹಾಜರಿ ಪಟ್ಟಿ ಇಲ್ಲ, ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಬರೆದದ್ದಿಲ್ಲ. ಪರಿಶೋಧಕನಿಗೆ ಖರ್ಚು ಸುಳ್ಳೆಂದು ಗೊತ್ತಿಲ್ಲ. ನಿಜವೆಂದು ಹೇಳಲು ಆಧಾರವೂ ಇಲ್ಲ.

ಮೂರನೆಯದು, ಅನಗತ್ಯ ಅಥವಾ ಅತಿಯಾದ ಖರ್ಚು. ನಿಯಮವೂ ಬಿಡುತ್ತದೆ, ರಸೀದಿಯೂ ಇದೆ, ಆದರೆ ಅಷ್ಟು ಬೆಲೆ ಯಾಕೆ, ಆ ವಸ್ತು ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಅನುದಾನ ನಿಯಮಗಳು ಇದಕ್ಕೆ ಒಂದು ಅಳತೆಗೋಲು ಕೊಟ್ಟಿವೆ: ಆ ಹೊತ್ತಿನ ಸಂದರ್ಭದಲ್ಲಿ ವಿವೇಕವುಳ್ಳ ವ್ಯಕ್ತಿ ಇಷ್ಟು ಬೆಲೆ ಕೊಡುತ್ತಿದ್ದನೇ ಎಂದು ನೋಡಬೇಕು. ಪ್ರವಾಹ ಬಂದ ರಾತ್ರಿ ದೋಣಿಯನ್ನು ದುಪ್ಪಟ್ಟು ಬಾಡಿಗೆಗೆ ತೆಗೆದುಕೊಂಡವನನ್ನು, ಎರಡು ವರ್ಷದ ಬಳಿಕ ಕಚೇರಿಯಲ್ಲಿ ಕೂತು ಎಂದಿನ ದರಪಟ್ಟಿ ಹಿಡಿದು ಅಳೆಯಬಾರದು ಎಂಬ ನ್ಯಾಯ ಇದರಲ್ಲಿದೆ.

ಈ ಮೂರನ್ನೂ ಕೂಡಿಸಿ ಒಂದೇ ಮೊತ್ತವಾಗಿ ಹೇಳಿದರೆ ಓದುಗನಿಗೆ ತಿಳಿಯುವುದು ಏನೂ ಇಲ್ಲ. 10 ಕೋಟಿ ಆಕ್ಷೇಪಣೆಯಲ್ಲಿ 9 ಕೋಟಿ ದಾಖಲೆ ಹಾಜರುಪಡಿಸದ ಖರ್ಚಾದರೆ ಮುಂದಿನ ಹೆಜ್ಜೆ ದಾಖಲೆ ಹುಡುಕುವುದು. 9 ಕೋಟಿ ನಿಯಮಬಾಹಿರವಾದರೆ ಮುಂದಿನ ಹೆಜ್ಜೆ ವಸೂಲಿ ಮತ್ತು ಶಿಸ್ತುಕ್ರಮ. ಮೊತ್ತ ಒಂದೇ ಆದರೂ ಅರ್ಥ ಬೇರೆ, ಮಾಡಬೇಕಾದ ಕೆಲಸವೂ ಬೇರೆ.

ತೀರ್ಮಾನ ಪರಿಶೋಧಕನದಲ್ಲ

ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಖರ್ಚನ್ನು ಪ್ರಶ್ನಿಸುವವನು ಪರಿಶೋಧಕ. ಆ ಖರ್ಚನ್ನು ತಳ್ಳಿಹಾಕಬೇಕೋ ಒಪ್ಪಬೇಕೋ ಎಂದು ತೀರ್ಮಾನಿಸುವುದು ಹಣ ಕೊಟ್ಟ ಇಲಾಖೆ. ಅಮೆರಿಕದಲ್ಲಿ ಅನುದಾನದ ವಾರ್ಷಿಕ ಪರಿಶೋಧನಾ ವರದಿ ಕೈಸೇರಿದ ಮೇಲೆ ಆರು ತಿಂಗಳೊಳಗೆ ಇಲಾಖೆ ತನ್ನ ನಿರ್ಧಾರವನ್ನು ಲಿಖಿತವಾಗಿ ಕೊಡಬೇಕು. ಇನ್‌ಸ್ಪೆಕ್ಟರ್ ಜನರಲ್‌ಗಳು ಆರು ತಿಂಗಳಿಗೊಮ್ಮೆ ಸಂಸತ್ತಿಗೆ ಸಲ್ಲಿಸುವ ವರದಿಯಲ್ಲಿ ಹಿಂದಿನಿಂದ ಬಾಕಿ ಇದ್ದದ್ದೆಷ್ಟು, ಹೊಸದಾಗಿ ಪ್ರಶ್ನಿಸಿದ್ದೆಷ್ಟು, ಇಲಾಖೆ ತಳ್ಳಿಹಾಕಿದ್ದೆಷ್ಟು, ಒಪ್ಪಿದ್ದೆಷ್ಟು, ನಿರ್ಧಾರವೇ ಆಗದೆ ಉಳಿದದ್ದೆಷ್ಟು ಎಂಬ ಕೋಷ್ಟಕ ಕೊಡುವ ಪದ್ಧತಿ ಆ ಕಾಯ್ದೆಯಿಂದಲೇ ಬಂತು. ಪ್ರಶ್ನೆ ಎತ್ತಿದವರ ಮೇಲೂ ಉತ್ತರಿಸಬೇಕಾದವರ ಮೇಲೂ ಆ ಕೋಷ್ಟಕ ಒತ್ತಡ ತರುತ್ತದೆ.

ಈ ಎರಡನೇ ಹಂತ ಯಾಕೆ ಬೇಕೆಂದರೆ, ಪರಿಶೋಧಕರೂ ತಪ್ಪು ಮಾಡುತ್ತಾರೆ. 2011ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಸಮ್ಮೇಳನಗಳ ಖರ್ಚಿನ ಬಗ್ಗೆ ವರದಿ ಹೊರತಂದಿತು. 2009ರಲ್ಲಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ನಡೆದ ಸಮ್ಮೇಳನದಲ್ಲಿ ಮಫಿನ್ ಎಂಬ ಚಿಕ್ಕ ಕೇಕಿಗೆ ತಲಾ 16 ಡಾಲರ್ ಕೊಡಲಾಗಿದೆ ಎಂದು ಅದರಲ್ಲಿತ್ತು. ದೇಶವೆಲ್ಲ ಅದನ್ನೇ ಮಾತಾಡಿತು. ಹೋಟೆಲಿನವರು ಹೇಳಿದ್ದು ಬೇರೆ: ಬಿಲ್ಲಿನಲ್ಲಿ ಚುಟುಕಾಗಿ ಮಫಿನ್ ಎಂದು ಬರೆದಿದ್ದರೂ ಆ ದರದಲ್ಲಿ ಹಣ್ಣು, ಕಾಫಿ, ಚಹಾ, ತೆರಿಗೆ, ಸೇವಾ ಶುಲ್ಕ ಎಲ್ಲ ಸೇರಿದ್ದವು. ಹೆಚ್ಚಿನ ದಾಖಲೆ ನೋಡಿದ ಕಚೇರಿ ಮುಂದಿನ ತಿಂಗಳು, ಒಂದೊಂದು ಮಫಿನ್ನಿಗೆ 16 ಡಾಲರ್ ಕೊಟ್ಟಿರಲಿಲ್ಲವೆಂದು ಒಪ್ಪಿ ತನ್ನ ವರದಿಯನ್ನು ತಿದ್ದಿತು.

ತಪ್ಪು ಎಂದು ಗೊತ್ತಾದ ಮೇಲೆ ವರದಿಯನ್ನೇ ತಿದ್ದಿದ ಆ ಕಚೇರಿಯ ನಡೆ ದೊಡ್ಡದು. ಆದರೆ ಮೊದಲ ಸುದ್ದಿ ಓದಿದವರಲ್ಲಿ ತಿದ್ದುಪಡಿಯನ್ನೂ ಓದಿದವರು ಎಷ್ಟು ಮಂದಿ? ಆಕ್ಷೇಪಣೆ ಬಂದ ಕೂಡಲೇ ಹೆಸರು ಕೆಡುತ್ತದೆ, ನಿರ್ದೋಷಿ ಎಂದ ಮೇಲೆ ಅದು ಪೂರ್ತಿ ಮರಳುವುದಿಲ್ಲ. ವರದಿ ಮಾಡುವ ನಮ್ಮ ಹೊಣೆ ಇಲ್ಲಿಯೇ ಇದೆ. ಆಕ್ಷೇಪಣೆಯ ಸುದ್ದಿಗೆ ಕೊಟ್ಟಷ್ಟೇ ಜಾಗವನ್ನು ಅದರ ಫಲಿತಾಂಶಕ್ಕೂ ಕೊಡಬೇಕು.

ನಮ್ಮಲ್ಲಿ ಎಲ್ಲಿ ನಿಲ್ಲುತ್ತದೆ?

ಭಾರತದಲ್ಲಿ ಪ್ರಶ್ನೆ ಎತ್ತುವ ಅಧಿಕಾರಕ್ಕೆ ಕೊರತೆಯಿಲ್ಲ. ಸಂವಿಧಾನದ 148ರಿಂದ 151ನೇ ವಿಧಿಗಳು ಮಹಾಲೇಖಪಾಲರಿಗೆ, ಅಂದರೆ ಸಿಎಜಿಗೆ, ಸ್ವತಂತ್ರ ಸ್ಥಾನ ಕೊಟ್ಟಿವೆ. 1971ರ ಕಾಯ್ದೆಯ 14ನೇ ಕಲಮಿನ ಪ್ರಕಾರ, ಸಂಸ್ಥೆಯೊಂದಕ್ಕೆ ವರ್ಷದಲ್ಲಿ ಸಂದ ಅನುದಾನ ಅಥವಾ ಸಾಲ 25 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದೆ, ಅದರ ಒಟ್ಟು ಖರ್ಚಿನ ಶೇ 75ಕ್ಕೂ ಕಡಿಮೆಯಿಲ್ಲದಿದ್ದರೆ ಅದರ ಲೆಕ್ಕವನ್ನು ಸಿಎಜಿ ನೋಡಬಹುದು. 15ನೇ ಕಲಂ ಇನ್ನೂ ಸೂಕ್ಷ್ಮವಾದದ್ದು: ನಿರ್ದಿಷ್ಟ ಉದ್ದೇಶಕ್ಕೆ ಹಣ ಕೊಟ್ಟ ಇಲಾಖೆ, ಷರತ್ತುಗಳು ಪಾಲನೆಯಾದವೆಂದು ಹೇಗೆ ಖಚಿತಪಡಿಸಿಕೊಂಡಿತು ಎಂಬುದನ್ನೇ ಅದು ಪರಿಶೀಲನೆಗೆ ಒಡ್ಡುತ್ತದೆ. ಹಣ ಪಡೆದವನಷ್ಟೇ ಅಲ್ಲ, ಕೊಟ್ಟವನೂ ಉತ್ತರ ಹೇಳಬೇಕು.

ಕರ್ನಾಟಕದ ಗ್ರಾಮ ಪಂಚಾಯಿತಿಗಳ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ನೋಡುತ್ತದೆ. ಅದರ ವರದಿ ಓದಿದವರಿಗೆ ‘ಆಕ್ಷೇಪಣೆಯಲ್ಲಿಟ್ಟ ಮೊತ್ತ’, ‘ವಸೂಲಿಗೆ ಸೂಚಿಸಿದ ಮೊತ್ತ’ ಎಂಬ ಎರಡು ಮಾತು ಚಿರಪರಿಚಿತ. ಇದು ಒಳ್ಳೆಯ ವಿಂಗಡಣೆ. ಆಕ್ಷೇಪಣೆಯಲ್ಲಿಟ್ಟದ್ದು ಇನ್ನೂ ಉತ್ತರಕ್ಕೆ ಕಾದಿರುವ ಹಣ. ವಸೂಲಿಗೆ ಸೂಚಿಸಿದ್ದು ಇಂಥವರಿಂದ ಮರಳಿ ಪಡೆಯಬೇಕೆಂದು ಪರಿಶೋಧಕ ಹೇಳಿರುವ ಹಣ. ಆದರೆ ಸುದ್ದಿಯಾಗುವ ಹೊತ್ತಿಗೆ ಎರಡೂ ಕೂಡಿ ಒಂದೇ ‘ಅವ್ಯವಹಾರ’ವಾಗಿಬಿಡುತ್ತವೆ.

ಉತ್ತರ ಕೊಡಲು ಗಡುವೂ ಇದೆ. ಆಡಿಟ್ ಆಕ್ಷೇಪಣೆಗಳನ್ನು ಬೇಗ ಇತ್ಯರ್ಥ ಮಾಡುವ ಬಗ್ಗೆ ಕರ್ನಾಟಕದ ಹಣಕಾಸು ಇಲಾಖೆ 2001ರಲ್ಲೇ ಒಂದು ಕೈಪಿಡಿ ಹೊರಡಿಸಿದೆ. ಮಹಾಲೇಖಪಾಲರ ತಪಾಸಣಾ ವರದಿ ಬಂದ ಒಂದು ತಿಂಗಳೊಳಗೆ ಕಚೇರಿ ಮುಖ್ಯಸ್ಥರು ತಪ್ಪುಗಳನ್ನು ಸರಿಪಡಿಸಿ ಉತ್ತರ ಕೊಡಬೇಕು. ಹಾಗಿದ್ದರೂ ಉತ್ತರ ಬಾರದ ಪ್ಯಾರಾಗಳು, ಅಂದರೆ ವರದಿಯ ಬಿಡಿ ಆಕ್ಷೇಪಣೆಗಳು, ವರ್ಷಗಟ್ಟಲೆ ಬಾಕಿ ಉಳಿದಿರುವುದನ್ನು ಸಿಎಜಿ ವರದಿಗಳು ಮತ್ತೆ ಮತ್ತೆ ಎತ್ತಿ ತೋರಿಸುತ್ತ ಬಂದಿವೆ.

ಇದು ಯಾಕೆ ಹೀಗೆ? ಕಚೇರಿಗಳ ಕೆಲಸ ಬಲ್ಲವರಿಗೆ ಕಾರಣ ಗೊತ್ತು. ಖರ್ಚು ಮಾಡಿದ ಅಧಿಕಾರಿ ವರ್ಗವಾಗಿ ಹೋಗಿರುತ್ತಾರೆ. ಹೊಸಬರಿಗೆ ಚಾರ್ಜ್ ಕೊಡುವಾಗ ವೋಚರ್ ಕಟ್ಟುಗಳ ಪಟ್ಟಿ ಆಗಿರುವುದಿಲ್ಲ. ‘ಅದು ನನ್ನ ಕಾಲದ್ದಲ್ಲ’ ಎಂದು ಹೊಸಬರು, ‘ದಾಖಲೆಯೆಲ್ಲ ಅಲ್ಲೇ ಇಟ್ಟು ಬಂದೆ’ ಎಂದು ಹಳಬರು. ಅನುಪಾಲನಾ ವರದಿ ಎಂಬ ಹೆಸರಿನಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದು ಸಾಲು ಹೋಗುತ್ತದೆ. ಅದು ಉತ್ತರವಲ್ಲ, ಆದ್ದರಿಂದ ಪ್ಯಾರಾ ಡ್ರಾಪ್ ಆಗುವುದಿಲ್ಲ, ಅಂದರೆ ಆಕ್ಷೇಪಣೆ ಮುಗಿಯುವುದಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಧಿಕಾರಿ ನಿವೃತ್ತ, ಗುತ್ತಿಗೆದಾರ ಬೇರೆ ಊರಿನಲ್ಲಿ, ರಸ್ತೆಯ ಮೇಲೆ ಮತ್ತೊಂದು ರಸ್ತೆ. ಆಗ ಅಳತೆ ತೆಗೆಯಲು ನೆಲದಲ್ಲಿ ಏನೂ ಉಳಿದಿರುವುದಿಲ್ಲ.

ಇನ್ನೊಂದು ಸಮಸ್ಯೆ ಹಣ ಬಳಕೆ ಪ್ರಮಾಣಪತ್ರದ್ದು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 238ನೇ ನಿಯಮದಂತೆ, ಅನುದಾನ ಪಡೆದವರು ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಅದನ್ನು ಸಲ್ಲಿಸಬೇಕು. ಕಚೇರಿಗಳಲ್ಲಿ ಇದನ್ನು ಯು.ಸಿ. ಎಂದೇ ಕರೆಯುತ್ತಾರೆ. ಯು.ಸಿ. ಬಂದರೆ ಕೆಲಸ ಮುಗಿಯಿತು, ಮುಂದಿನ ಕಂತು ಬಿಡುಗಡೆ ಮಾಡಬಹುದು ಎಂಬ ಭಾವನೆ ಬಲವಾಗಿದೆ. ಆದರೆ ಅದು ಖರ್ಚು ಮಾಡಿದವರೇ ತಮ್ಮ ಬಗ್ಗೆ ಕೊಟ್ಟುಕೊಳ್ಳುವ ಹೇಳಿಕೆ. ಕಾಮಗಾರಿ ನಡೆಸುವ ಏಜೆನ್ಸಿಯ ಖಾತೆಗೆ ಹಣ ಜಮಾ ಆದದ್ದನ್ನೇ ಖರ್ಚೆಂದು ಬರೆದು ಯು.ಸಿ. ಕೊಟ್ಟರೆ, ಕಾಗದದಲ್ಲಿ ಯೋಜನೆ ಮುಗಿಯುತ್ತದೆ, ನೆಲದ ಮೇಲೆ ಅಡಿಪಾಯವೂ ಬಿದ್ದಿರುವುದಿಲ್ಲ.

ಕಾಗದ ಸರಿಯಿದ್ದರೆ ಸಾಕೇ?

ಲೆಕ್ಕಪರಿಶೋಧನೆಯ ದೊಡ್ಡ ಮಿತಿ ಇಲ್ಲಿದೆ. ಪರಿಶೋಧಕ ಮುಖ್ಯವಾಗಿ ನೋಡುವುದು ಕಾಗದವನ್ನು. ಕಾಗದವಿಲ್ಲದ ನಿಜವಾದ ಖರ್ಚು ಅಲ್ಲಿ ಸಿಕ್ಕಿಬೀಳುತ್ತದೆ. ಅಚ್ಚುಕಟ್ಟಾದ ಕಾಗದವಿರುವ ಸುಳ್ಳು ಖರ್ಚು ದಾಟಿಹೋಗುತ್ತದೆ. ಗುಡ್ಡಗಾಡಿನ ಹಳ್ಳಿಯಲ್ಲಿ ಮಕ್ಕಳಿಗೆ ಊಟ ಹಾಕುವ ಒಂದು ಸಣ್ಣ ಸಂಸ್ಥೆಯನ್ನು ಎಣಿಸಿಕೊಳ್ಳಿ. ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿ ಜಿಎಸ್‌ಟಿ ಬಿಲ್ ಕೊಡುವುದಿಲ್ಲ. ಸೌದೆ ತಂದವನು ರಸೀದಿ ಬರೆಯುವುದಿಲ್ಲ. ಆ ಸಂಸ್ಥೆಯ ತರಕಾರಿ, ಸೌದೆಯ ಖರ್ಚು ‘ದಾಖಲೆಯಿಲ್ಲ’ ಎಂಬ ಕಾಲಮ್ಮಿಗೆ ಹೋಗುತ್ತದೆ. ನುರಿತ ಲೆಕ್ಕಿಗನನ್ನು ಇಟ್ಟುಕೊಂಡ ದೊಡ್ಡ ಗುತ್ತಿಗೆದಾರನ ಕಡತದಲ್ಲಿ ಮೂರು ಕೊಟೇಶನ್, ಬಿಲ್ಲು, ಅಳತೆ ಪುಸ್ತಕ, ಫೋಟೋ ಎಲ್ಲ ಇರುತ್ತದೆ. ಆ ಮೂರು ಕೊಟೇಶನ್ನೂ ಒಂದೇ ಮೇಜಿನ ಮೇಲೆ ತಯಾರಾದವು ಎಂಬುದು ಮಾತ್ರ ಕಡತದಲ್ಲಿ ಇರುವುದಿಲ್ಲ.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಈ ಮಿತಿಗೆ ಉತ್ತರ ಕಂಡುಕೊಂಡಿತು. 1994ರಲ್ಲಿ ಆರಂಭವಾದ ಅವರ ಜನಸುನವಾಯಿಗಳಲ್ಲಿ, ಅಂದರೆ ಸಾರ್ವಜನಿಕ ಅಹವಾಲು ಸಭೆಗಳಲ್ಲಿ, ಹಾಜರಿ ಪಟ್ಟಿಯನ್ನೂ ಬಿಲ್ಲುಗಳನ್ನೂ ಹಳ್ಳಿಯವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕೂಲಿ ಪಡೆದರೆಂದು ಬರೆದಿದ್ದ ಜನ ಎದ್ದುನಿಂತು ತಾವು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದರು. ಕಾಗದದಲ್ಲಿ ಮುಗಿದಿದ್ದ ಕಟ್ಟಡ ಊರಿನಲ್ಲಿ ಅರ್ಧಕ್ಕೇ ನಿಂತಿದೆ ಎಂದರು. ಲೆಕ್ಕದ ಕಾಗದ ಕೇಳುವ ಆ ಹೋರಾಟವೇ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿತು. ಅದೇ ವರ್ಷ ಬಂದ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ, ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕರ್ತವ್ಯವನ್ನಾಗಿ ಮಾಡಿತು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಜಮಾಬಂದಿಯ ಉದ್ದೇಶವೂ ಇದೇ: ಲೆಕ್ಕವನ್ನು ಊರ ಮುಂದಿಟ್ಟು ನೋಡುವುದು.

ಜನರ ಸಾಕ್ಷಿ ಎರಡೂ ಕಡೆ ಕೆಲಸ ಮಾಡುತ್ತದೆ ಎಂಬುದನ್ನು ಮರೆಯಬಾರದು. ಸುಳ್ಳು ಬಿಲ್ಲನ್ನು ಬಯಲಿಗೆಳೆಯುವ ಅದೇ ಸಭೆ, ‘ಹೌದು, ನಮ್ಮ ಮಕ್ಕಳು ದಿನಾ ಅಲ್ಲಿ ಉಂಡಿದ್ದಾರೆ’ ಎಂದು ಹೇಳಿ ರಸೀದಿಯಿಲ್ಲದ ಪ್ರಾಮಾಣಿಕನ ಬೆನ್ನಿಗೂ ನಿಲ್ಲಬಲ್ಲದು.

ಭಯವೂ ನಷ್ಟವೇ

ಆಕ್ಷೇಪಣೆಯನ್ನೆಲ್ಲ ಅಪರಾಧವೆಂದು ಕಂಡರೆ ಇನ್ನೊಂದು ಹಾನಿಯಿದೆ. ಅಧಿಕಾರಿ ಖರ್ಚು ಮಾಡುವುದನ್ನೇ ನಿಲ್ಲಿಸುತ್ತಾನೆ. ಆಸ್ಪತ್ರೆಯ ಜನರೇಟರ್ ಕೆಟ್ಟಿರುತ್ತದೆ, ಹಣವೂ ಇರುತ್ತದೆ, ‘ಆಡಿಟ್‌ನವರು ಕೇಳಿದರೆ?’ ಎಂಬ ಒಂದು ಮಾತಿನ ಮೇಲೆ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತದೆ. ವರ್ಷವಿಡೀ ಹೀಗೆ ಕಳೆದು ಮಾರ್ಚ್ ಬಂದಾಗ, ಅನುದಾನ ವಾಪಸು ಹೋದೀತೆಂದು ಬೇಕಾದ್ದನ್ನೂ ಬೇಡದ್ದನ್ನೂ ಅವಸರದಲ್ಲಿ ಕೊಳ್ಳುತ್ತಾರೆ. ಆ ಅವಸರದ ಖರೀದಿಯೇ ಮುಂದಿನ ವರ್ಷದ ಆಕ್ಷೇಪಣೆಯಾಗುತ್ತದೆ. ಖರ್ಚು ಮಾಡದೆ ಇದ್ದುದರಿಂದ ಒಬ್ಬ ರೋಗಿಗೆ ಆದ ನಷ್ಟವನ್ನು ಬರೆಯಲು ಮಾತ್ರ ಯಾವ ವರದಿಯಲ್ಲೂ ಕಾಲಮ್ ಇಲ್ಲ.

ಹಾಗೆಂದು ಪರಿಶೋಧನೆ ಸಡಿಲವಾಗಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಭಯ ಹುಟ್ಟುವುದು ಪ್ರಶ್ನೆಯಿಂದಲ್ಲ, ಮುಗಿಯದ ಪ್ರಶ್ನೆಯಿಂದ. ಸರಿಯಾದ ಕಾರಣ ಬರೆದಿಟ್ಟರೆ ಆರು ತಿಂಗಳಲ್ಲಿ ತೀರ್ಮಾನ ಆಗಿಯೇ ಆಗುತ್ತದೆ ಎಂಬ ಖಾತರಿ ಇದ್ದರೆ ಪ್ರಾಮಾಣಿಕ ಅಧಿಕಾರಿ ಹೆದರಬೇಕಾಗಿಲ್ಲ. ಆ ಪ್ಯಾರಾ ನಿವೃತ್ತಿಯ ದಿನದವರೆಗೂ ಬೆನ್ನು ಹತ್ತಿ ಪಿಂಚಣಿ ತಡೆಯಬಹುದು ಎಂಬ ಆತಂಕ ಅವನ ಕೈ ಕಟ್ಟುತ್ತದೆ. ಕದಿಯಲೆಂದೇ ಬಂದವನಿಗೆ ಈ ವಿಳಂಬವೇ ರಕ್ಷೆ.

ಆಗಬೇಕಾದದ್ದು

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವುದನ್ನು ನಡೆಸಿದರೆ ಸಾಕು. ಮೊದಲು, ಪ್ರತಿ ವರದಿಯಲ್ಲೂ ಆಕ್ಷೇಪಣೆಯ ಮೊತ್ತವನ್ನು ನಿಯಮ ಮೀರಿದ್ದು, ದಾಖಲೆಯಿಲ್ಲದ್ದು, ಅತಿಯಾದದ್ದು ಎಂದು ಬಿಡಿಸಿ ಕೊಡಬೇಕು, ಪತ್ರಿಕೆಗಳೂ ಹಾಗೆಯೇ ಬರೆಯಬೇಕು. ಎರಡನೆಯದಾಗಿ, ಹಿಂದಿನ ವರ್ಷದ ಆಕ್ಷೇಪಣೆಗಳ ಗತಿ ಏನಾಯಿತೆಂಬ ಕೋಷ್ಟಕವನ್ನು ಇಲಾಖೆಗಳೂ ಪಂಚಾಯಿತಿಗಳೂ ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಮೂರನೆಯದಾಗಿ, ಉತ್ತರ ಕೊಡದವನಿಗೆ ಇರುವಂತೆ ತೀರ್ಮಾನ ಮಾಡದ ಮೇಲಧಿಕಾರಿಗೂ ಗಡುವು ಇರಬೇಕು. ವರ್ಗಾವಣೆಯಾಗುವ ಅಧಿಕಾರಿ ಬಾಕಿ ಪ್ಯಾರಾಗಳ ಪಟ್ಟಿಯನ್ನೂ ಸಂಬಂಧಿಸಿದ ವೋಚರುಗಳನ್ನೂ ಸಹಿ ಹಾಕಿಸಿಕೊಂಡು ಒಪ್ಪಿಸದೆ ಚಾರ್ಜ್ ಬಿಡಬಾರದು. ಕೊನೆಯದಾಗಿ, ಸಣ್ಣ ಸಂಸ್ಥೆಗಳಿಗೆ ಯಾವ ಖರ್ಚು ನಡೆಯುತ್ತದೆ, ಸಂತೆಯ ಖರೀದಿಗೆ ಯಾವ ದಾಖಲೆ ಸಾಕು ಎಂಬುದನ್ನು ಹಣ ಕೊಡುವ ದಿನವೇ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಕೊಡಬೇಕು. ಮೂರು ವರ್ಷದ ಬಳಿಕ ಬರುವ ಆಕ್ಷೇಪಣೆಯ ಮೂಲಕ ನಿಯಮ ಕಲಿಸುವುದು ನ್ಯಾಯವಲ್ಲ.

ಓದುಗರಿಗೂ ಒಂದು ಕೆಲಸವಿದೆ. ಮುಂದಿನ ಜಮಾಬಂದಿಗೆ ಹೋದಾಗ ಈ ವರ್ಷ ಎಷ್ಟು ಆಕ್ಷೇಪಣೆ ಎಂದು ಕೇಳಿ, ಅಲ್ಲಿಗೇ ನಿಲ್ಲಿಸಬೇಡಿ. ಹೋದ ವರ್ಷದ್ದರಲ್ಲಿ ಎಷ್ಟಕ್ಕೆ ದಾಖಲೆ ಕೊಟ್ಟಿರಿ, ಎಷ್ಟು ವಸೂಲು ಮಾಡಿದಿರಿ, ಉಳಿದದ್ದಕ್ಕೆ ಯಾರು ಹೊಣೆ ಎಂದು ಕೇಳಿ. ಆ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯುವ ತನಕ ಎದ್ದು ಬರಬೇಡಿ.